ಪಾದ್ರಿ ಡಾಕ್ಟ್ರು ಏಳದ ಭಾನುವಾರಗಳು

ಮೊನ್ನೆ ಮಧುಗಿರಿಯ ಚರ್ಚಿನಲ್ಲಿ ಅವರ ನೆನಪಿನ ಆರಾಧನೆ ನಡೆಯಿತು. ಮೈಕಿನ ಮುಂದೆ ಬಂದ ನಮ್ಮ ಇಲಾಖೆಯ ಮೂವರೂ ಒಂದೇ ಮಾತು ಹೇಳಿದರು. ಯಾರು ಏನೇ ಮಾಡಿದರೂ ಅವರು ಸುಲಭವಾಗಿ ಕ್ಷಮಿಸಿಬಿಡುತ್ತಿದ್ದರಂತೆ, ಸಿಟ್ಟು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲವಂತೆ. ಮುಂದಿನ ಬೆಂಚಿನಲ್ಲಿದ್ದ ಸಭೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಹಾಗಂತ ಒಬ್ಬ ಮನುಷ್ಯ ಜೀವಮಾನವಿಡೀ ಬೆವರು ಸುರಿಸಿ ಮಾಡಿದ ಕೆಲಸವನ್ನು ‘ಅವರಿಗೇನು ಬಿಡಿ, ಸುಲಭ’ ಎಂದುಬಿಡುವುದೇ? ನನ್ನ ಸರದಿ ಬಂದಾಗ ‘ನನಗೆ ಕೆಲಸ ಕಲಿಸಿದವರು’ ಎಂದಷ್ಟೇ ಹೇಳಿ ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಪಶುಪಾಲನಾ ಇಲಾಖೆಯಲ್ಲಿ ಹಿರಿಯ ಪರೀಕ್ಷಕರು. ದನಕರು, ಕುರಿಮೇಕೆಗಳಿಗೆ ಲಸಿಕೆ ಹಾಕುವುದು, ಗಾಯ ತೊಳೆದು ಕಟ್ಟುವುದು, ಕಷ್ಟದ ಹೆರಿಗೆ ಮಾಡಿಸುವುದು ಅವರ ಕೆಲಸ. ಸುತ್ತಮುತ್ತಲ ಹಳ್ಳಿಗಳಲ್ಲಿ ಅವರಿಗೆ ಪಾದ್ರಿ ಡಾಕ್ಟ್ರು ಅಂತಲೇ ಹೆಸರು. ಅವರು ಪಾದ್ರಿಯೂ ಅಲ್ಲ, ಡಾಕ್ಟರೂ ಅಲ್ಲ. ಮೊದಮೊದಲು ತಿದ್ದುತ್ತಿದ್ದರಂತೆ. ಆಮೇಲೆ, ‘ಒಂದು ತಪ್ಪಿದ್ರೆ ತಿದ್ದಬಹುದು, ಎರಡೆರಡು ಯಾವನು ತಿದ್ತಾನೆ’ ಎಂದು ಕೈಬಿಟ್ಟರಂತೆ. ನಾನು ಮಾತ್ರ ಕೊನೆಯವರೆಗೂ ಸಾರ್ ಎಂದೇ ಕರೆದೆ.

ನಾನು ಶಿರಾ ತಾಲ್ಲೂಕಿನವನು, ಕಡಲೇಕಾಯಿ ಬೆಳೆಯುವವರ ಮನೆಯ ಹುಡುಗ. ಕೆಲಸ ಸಿಕ್ಕಿ ಮೊದಲ ಸಲ ಹೋದದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಪಶು ಚಿಕಿತ್ಸಾಲಯಕ್ಕೆ. ಊರಿನ ಹೆಸರು ಬೇಡ. ಅಲ್ಲಿ ಡಾಕ್ಟರ ಹುದ್ದೆ ಖಾಲಿಯಿತ್ತು. ಎಲ್ಲದಕ್ಕೂ ಸಾರ್ ಒಬ್ಬರೇ, ಅವರ ಕೈಕೆಳಗೆ ನಾನು. ಮೊದಲ ದಿನವೇ ನನ್ನ ಊರು ಕೇಳಿ ‘ಶಿರಾ’ ಎಂದು ಕರೆಯಲು ಶುರುಮಾಡಿದರು. ‘ಲೇ ಶಿರಾ, ಕಾಲು ಹಿಡ್ಕೋ’, ‘ಶಿರಾ, ಊಟಕ್ಕೆ ಬಾರಪ್ಪ.’ ತೆಳ್ಳಗೆ ಉದ್ದಕ್ಕೆ ಇದ್ದರು. ಹುಟ್ಟಿದ್ದು ಪಾವಗಡದ ಕಡೆಯಾದ್ದರಿಂದ ಮನುಷ್ಯರ ಜೊತೆ ಕನ್ನಡ, ದನಗಳ ಜೊತೆ ತೆಲುಗು. ‘ರಾ ತಲ್ಲಿ, ಅಯಿಪೋಯಿಂದಿ’, ಬಾ ತಾಯಿ ಮುಗಿದೇಹೋಯ್ತು, ಎಂದು ಕಿವಿ ಸವರಿದರೆ ಎಂಥ ಒದೆಯುವ ಎಮ್ಮೆಯೂ ನಿಲ್ಲುತ್ತಿತ್ತು. ನಾನು ಕನ್ನಡದಲ್ಲಿ ಸವರಿದರೆ ಒದೆಯುತ್ತಿತ್ತು.

ಸಿಟ್ಟು ಗೊತ್ತಿರಲಿಲ್ಲವಂತೆ! ಸಿಟ್ಟು ಬಂದರೆ ಅವರ ಎರಡು ಕಿವಿಯೂ ಕೆಂಪಗಾಗುತ್ತಿದ್ದವು. ಬಾಯಲ್ಲಿ ಒಂದು ಮಾತೂ ಬರುತ್ತಿರಲಿಲ್ಲ, ನೇರ ಹೋಗಿ ಮೊಣಕೈವರೆಗೆ ಕೆಂಪು ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಎಷ್ಟು ಹೊತ್ತು ತೊಳೆಯುತ್ತಾರೆ ಎನ್ನುವುದರ ಮೇಲೆ ಸಿಟ್ಟು ಎಷ್ಟಿದೆ ಎಂದು ನಾನು ಅಂದಾಜು ಮಾಡುತ್ತಿದ್ದೆ.

ಕೊಳಾಲದ ಕಡೆಯ ಒಂದು ಹಳ್ಳಿಯಲ್ಲಿ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ನಮ್ಮ ಸರಹದ್ದಲ್ಲ, ಆದರೂ ಕರೆದರೆಂದು ಹೋದೆವು. ಸಾರ್ ಭುಜದವರೆಗೆ ಕೈ ಒಳಗಿಟ್ಟು, ಯಾವುದೋ ಕೀರ್ತನೆಯ ರಾಗ ಗುನುಗುತ್ತಾ, ಎರಡು ಗಂಟೆ ಒದ್ದಾಡಿ ಕರುವನ್ನು ಜೀವಂತ ಹೊರಗೆ ತಂದರು. ಮುಂದಿನ ವಾರ ಬಡವನಹಳ್ಳಿ ಸಂತೆಯಲ್ಲಿ ಆ ಹಸುವಿನ ಯಜಮಾನ ನಾಲ್ಕು ಜನರನ್ನು ನಿಲ್ಲಿಸಿಕೊಂಡು ತಾನು ಕಟ್ಟಿಸಿದ ತಾಯಿತದಿಂದ ಹಸು ಉಳಿಯಿತೆಂದು ಹೇಳುತ್ತಿದ್ದ. ‘ಪಾದ್ರಿ ಡಾಕ್ಟ್ರು ಸುಮ್ಕೆ ಒಳಗೆ ಕೈಯಾಡ್ಸಿ ಇನ್ನೊಂದಿಷ್ಟು ತಡ ಮಾಡುದ್ರು ಅಷ್ಟೇಯ’ ಎಂದೂ ಸೇರಿಸಿದ. ನಾವಿಬ್ಬರೂ ಅವನ ಬೆನ್ನ ಹಿಂದೆಯೇ ಟೊಮೆಟೊ ಆರಿಸುತ್ತಿದ್ದೆವು. ಅವತ್ತು ಸಾರ್ ಕೈ ತೊಳೆದು ಮುಗಿಸುವಷ್ಟರಲ್ಲಿ ಸೋಪು ಅರ್ಧವಾಯಿತು.

ಎಂಟು ದಿನ ಅವನ ಸುದ್ದಿಯೇ ಎತ್ತಲಿಲ್ಲ. ಒಂಬತ್ತನೇ ದಿನ, ‘ಆ ಕರು ಹೆಂಗಿದೆ ನೋಡ್ಕೊಂಡು ಬರ್ತೀನಿ’ ಎಂದು ಬೈಕು ಹತ್ತಿದರು. ಕರು ಒಂದು ನೆಪ. ಹದಿನೈದು ದಿನದಲ್ಲಿ ಮೂರು ಸಲ ಹೋದರು. ಮೊದಲೆರಡು ಸಲ ಮುಖ ಊದಿಸಿಕೊಂಡೇ ವಾಪಸ್ ಬಂದರು. ಮೂರನೇ ಸಲ ಅವರೇಕಾಯಿ ತುಂಬಿದ ಚೀಲ ಹಿಡಿದು ಬಂದು, ‘ಆಯ್ತು ಕಣಪ್ಪ’ ಎಂದರು. ಏನು ಆಯ್ತು ಎಂದು ನಾನು ಕೇಳಲಿಲ್ಲ.

ನಾವೆಲ್ಲ ನೋಡಿದ್ದು ಕೊನೆಯ ಆ ಅವರೇಕಾಯಿ ಚೀಲವನ್ನು ಮಾತ್ರ. ‘ಅವರ ಧರ್ಮದಲ್ಲೇ ಹಾಗಂತೆ, ಕ್ಷಮಿಸಲೇಬೇಕಂತೆ’ ಎಂದು ಇಲಾಖೆಯವರೆಲ್ಲ ನಂಬಿಬಿಟ್ಟರು. ಹಬ್ಬದ ದಿನದ ಡ್ಯೂಟಿ, ಯಾರೂ ಒಲ್ಲದ ದೂರದ ಹಳ್ಳಿಯ ಶಿಬಿರ, ಯಾರೋ ಮರೆತ ವರದಿ, ಎಲ್ಲವೂ ಅವರ ತಲೆಗೆ. ಕೇಳಿದರೆ, ‘ಪಾದ್ರಿ ಡಾಕ್ಟ್ರು ಏನೂ ಅಂದ್ಕಳಲ್ಲ ಬಿಡ್ರಿ.’ ತಿಂಗಳ ಮೊದಲನೇ ಭಾನುವಾರ ಬೆಳಿಗ್ಗೆ ಮಾತ್ರ ಅವರು ಯಾರು ಕರೆದರೂ ಬರುತ್ತಿರಲಿಲ್ಲ. ಅದೇನೋ ವ್ರತ ಇರಬೇಕು ಎಂದುಕೊಂಡಿದ್ದೆ.

ಈಗ ನನ್ನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬೇರೆಯವರನ್ನು ಬೈದು ಕಾಲ ತಳ್ಳಿದ್ದಾಯಿತು.

ಮುಂಗಾರಿನ ಮೊದಲ ಮಳೆಗೆ ಎಳೆ ಹುಲ್ಲು ಏಳುತ್ತದಲ್ಲ, ಅದನ್ನು ಹೊಟ್ಟೆಬಿರಿಯ ಮೇಯ್ದ ಕುರಿಗಳಿಗೆ ಕರುಳು ಬೇನೆ ಬರುತ್ತದೆ. ಸಂಜೆ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಲಸಿಕೆ ಹಾಕಿ ಮುಗಿಸಬೇಕು. ಲಸಿಕೆ ಬಿಸಿಯಾಗಬಾರದು. ಮಧುಗಿರಿಯಿಂದ ಐಸ್ ಪೆಟ್ಟಿಗೆಯಲ್ಲಿ ತಂದು ಹಾಗೇ ತಣ್ಣಗೆ ಚುಚ್ಚಬೇಕು, ಇಲ್ಲದಿದ್ದರೆ ನೀರು ಚುಚ್ಚಿದಂತೆಯೇ. ಆ ವರ್ಷ ಸಾರ್ ನನ್ನನ್ನು ನಂಬಿ ಕಳಿಸಿದರು. ‘ಎಲ್ಲೂ ನಿಲ್ಬೇಡ ಶಿರಾ, ಗೊಲ್ಲರ ಹಟ್ಟಿ ಹತ್ರ ಮೂರಕ್ಕೆ ಕಾಯ್ತಿರ್ತೀನಿ’ ಎಂದರು.

ನಾನು ನಿಂತೆ. ದಾರಿಯಲ್ಲಿ ನನ್ನ ಗೆಳೆಯನ ಅಕ್ಕನ ಮದುವೆಯ ಬೀಗರೂಟವಿತ್ತು. ನಮ್ಮ ಕಡೆ ಮದುವೆ ತಪ್ಪಿಸಿದರೂ ಮರುದಿನದ ಬೀಗರ ಬಾಡೂಟ ತಪ್ಪಿಸುವವರಿಲ್ಲ. ಐದು ನಿಮಿಷ ಎಂದು ಹೋದವನು ಎರಡನೇ ಪಂಕ್ತಿಗೆ ಕಾದು, ಮೂಳೆ ಚೀಪಿ, ಎಲೆ ಅಡಿಕೆ ಹಾಕಿಕೊಂಡು ಬಂದೆ. ಪೆಟ್ಟಿಗೆ ಮೇ ತಿಂಗಳ ಬಿಸಿಲಿನಲ್ಲಿ ಬೈಕಿನ ಮೇಲೇ ಇತ್ತು. ತೆಗೆದು ನೋಡಿದರೆ ಐಸೆಲ್ಲ ನೀರಾಗಿ ಬಾಟಲಿಗಳು ಬೆಚ್ಚಗಾಗಿದ್ದವು. ರಸ್ತೆ ಬದಿಯ ಐಸ್ ಗೋಲದ ಗಾಡಿಯವನ ಹತ್ತಿರ ಪುಡಿ ಐಸು ತುಂಬಿಸಿಕೊಂಡು ಹಟ್ಟಿ ತಲುಪಿದೆ. ಸಾರ್ ಬಾಟಲಿ ಮುಟ್ಟಿ ನೋಡಿದರು, ತಣ್ಣಗಿತ್ತು. ಚುಚ್ಚಲು ಶುರುಮಾಡಿದರು.

ಸಂಜೆ ಅವರೇ ಪೆಟ್ಟಿಗೆ ತೊಳೆಯುತ್ತಿದ್ದವರು ಬಗ್ಗಿಕೊಂಡೇ ಕೇಳಿದರು, ‘ಶಿರಾ, ಐಸು ಮಧುಗಿರೀದೇನಾ?’

‘ಅದೇ ಸಾರ್. ಇನ್ನೆಲ್ಲಿಂದ ತರ್ಲಿ?’ ಎಂದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

ಮೂರು ವಾರಕ್ಕೆ ಮಳೆ ಬಂತು. ಹಟ್ಟಿಯ ಕ್ಯಾತಕ್ಕ ತನ್ನ ಕುರಿಗಳನ್ನು ಕೆರೆಯಂಗಳದ ಹಸಿರಿಗೆ ಬಿಟ್ಟಳು. ನಾಲ್ಕು ದಿನದಲ್ಲಿ ಅವಳ ಹದಿನಾಲ್ಕು ಕುರಿ ಸತ್ತವು. ಗಂಡ ಇಲ್ಲದ ಹೆಂಗಸು, ಕುರಿ ಬಿಟ್ಟರೆ ಬೇರೆ ಬದುಕಿಲ್ಲ. ಐದನೇ ದಿನ ಸತ್ತ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಚಿಕಿತ್ಸಾಲಯದ ಜಗಲಿಯ ಮೇಲೆ ಹಾಕಿದಳು. ‘ನೀರು ಚುಚ್ಚುದ್ನಲ್ರೋ ಈ ಪಾದ್ರಿ! ಔಸ್ದಿ ಎಲ್ಲಿ ಮಡಗ್ಕಂಡ್ಯೋ, ನಿನ್ನ ಕೈ ಸೇದೋಗ!’ ಎಂದು ಎದೆ ಬಡಿದುಕೊಂಡಳು. ಊರೆಲ್ಲ ಸೇರಿತ್ತು. ಸಾರ್ ಒಂದು ಸಲ ನನ್ನ ಕಡೆ ನೋಡಿದರು. ನಾನು ಆ ಮರಿಯ ಕಡೆ ನೋಡಿದೆ.

ಮಧುಗಿರಿಯಿಂದ ನಮ್ಮ ಮೇಲಧಿಕಾರಿ ಎ.ಡಿ. ಸಾಹೇಬರು ವಿಚಾರಣೆಗೆ ಬಂದರು. ಸಾರ್, ‘ಲಸಿಕೆ ನನ್ನ ಉಸ್ತುವಾರಿಯಲ್ಲಿತ್ತು’ ಎಂದು ಬರೆದು ಸಹಿ ಹಾಕಿದರು. ಮೂವತ್ತು ವರ್ಷ ಕಲೆಯಿಲ್ಲದಿದ್ದ ಅವರ ಸೇವಾ ಪುಸ್ತಕಕ್ಕೆ ಕೆಂಪು ಶಾಯಿಯ ಒಂದು ಸಾಲು ಬಿತ್ತು. ನಾನು ಬಾಯಿಬಿಡಲಿಲ್ಲ. ಅವರಿಗೆ ಗೊತ್ತಾಗಿದೆ, ಗೊತ್ತಿದ್ದೂ ಕ್ಷಮಿಸಿದ್ದಾರೆ, ಅವರ ಧರ್ಮವೇ ಹಾಗಲ್ಲವೇ ಎಂದು ಸಮಾಧಾನ ಮಾಡಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಈಗ ನೆನೆದರೆ ಸುಳ್ಳಿಗಿಂತ ಆ ನೆಮ್ಮದಿಯೇ ನನಗೆ ಹೆಚ್ಚು ನಾಚಿಕೆ ತರುತ್ತದೆ.

ಅವರು ಬೈಯಲಿಲ್ಲ. ಕೆಲಸ ಹೇಳಿಕೊಡುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ನಾನು ಅವರ ಬಾಯಲ್ಲಿ ಶಿರಾ ಅಲ್ಲ, ಹಾಜರಿ ಪುಸ್ತಕದಲ್ಲಿರುವ ಪೂರ್ತಿ ಹೆಸರಾದೆ. ಊಟದ ಡಬ್ಬಿಯನ್ನು ಒಳಗಿನ ಕೋಣೆಗೆ ತೆಗೆದುಕೊಂಡು ಹೋಗಿ ಒಬ್ಬರೇ ತಿನ್ನುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ತುರ್ತು ಕಾಗದಕ್ಕೆ ಅವರ ಸಹಿ ಬೇಕಾಯಿತು. ಅವತ್ತು ಮೊದಲನೇ ಭಾನುವಾರ. ಕಾಗದ ಹಿಡಿದು ಮಧುಗಿರಿಯ ಚರ್ಚಿಗೇ ಹೋದೆ. ಆರಾಧನೆ ನಡೆಯುತ್ತಿತ್ತು, ಕೊನೆಯ ಬೆಂಚಿನಲ್ಲಿ ಕೂತೆ. ಅಯ್ಯನವರು, ಎಂದರೆ ಅಲ್ಲಿಯ ಸಭಾಪಾಲಕರು, ಮುಂದಿನ ಮೇಜಿನ ಮೇಲಿದ್ದ ರೊಟ್ಟಿ ಮುರಿದು ಪ್ರಾರ್ಥನೆ ಹೇಳಿದರು. ಜನ ಬೆಂಚುಬೆಂಚಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರಿ ಕೈ ಚಾಚತೊಡಗಿದರು. ಎಲ್ಲ ಬೆಂಚೂ ಖಾಲಿಯಾದವು. ಸಾರ್ ಒಬ್ಬರೇ ಕೂತಿದ್ದರು, ಎರಡೂ ಕೈ ಮುಂದಿನ ಬೆಂಚಿನ ಬೆನ್ನಿನ ಮೇಲಿಟ್ಟು, ತಲೆ ತಗ್ಗಿಸಿ.

ಚರ್ಚಿನ ಗಂಟೆ ಹೊಡೆಯುವ ಎಸ್ತರಮ್ಮ ಎಂಬ ಮುದುಕಿ ಪ್ರಸಾದ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತಳು. ನಾನು ಪಿಸುದನಿಯಲ್ಲಿ, ‘ಸಾರ್ ಯಾಕೆ ಪ್ರಸಾದಕ್ಕೆ ಹೋಗಲಿಲ್ಲ?’ ಎಂದೆ. ಪ್ರಸಾದ ಎಂದದ್ದಕ್ಕಲ್ಲ, ನನ್ನ ಪ್ರಶ್ನೆಗೆ ನಕ್ಕಳು.

‘ಯಾರ ಮ್ಯಾಲೋ ಸಿಟ್ಟಿರ್ಬೇಕು ಕಣಪ್ಪ. ಸಿಟ್ಟು ಮಡಿಕ್ಕಂಡು ಕರ್ತನ ಭೋಜನಕ್ಕೆ ಓಗಲ್ಲ ಈಯಪ್ಪ. ಯಾರ್ಗಿಲ್ಲ ಸಿಟ್ಟು? ನಾವೆಲ್ಲ ಓಯ್ತೀವಿ. ಇವ್ರು ಕೂತ್ಬುಡ್ತಾರೆ. ಒಡಹುಟ್ಟಿದ್ ತಮ್ಮನೇ ಮನೆ ಪಾಲಿನಾಗೆ ಮೋಸ ಮಾಡ್ದಾಗ ಎಲ್ಡು ವರ್ಷ ಏಳ್ನಿಲ್ಲ. ಹಿಂದ್ಲ ಅಯ್ಯನೋರ ಮ್ಯಾಲೇ ಒಂದ್ಸಲ ಮುನಿಸ್ಕಂಡು ಮೂರು ತಿಂಗ್ಳು ಏಳ್ನಿಲ್ಲ. ಪಾಪ ಆ ಅಯ್ಯನೋರು ತಟ್ಟೆ ಹಿಡ್ಕಂಡು ಇವ್ರನ್ನೇ ನೋಡ್ತಾ ನಿಂತಿರೋರು. ಈ ಸಲ ಜುಲೈನಿಂದ ಎದ್ದಿಲ್ಲ. ಯಾವ ಪುಣ್ಯಾತ್ಮನೋ ಏನೋ.’

ಪುಣ್ಯಾತ್ಮ ಅವಳ ಪಕ್ಕದಲ್ಲೇ ಕೂತಿದ್ದ. ಸಹಿ ಕೇಳುವ ಧೈರ್ಯವಾಗದೆ ಹೊರಗೆ ಬಂದುಬಿಟ್ಟೆ. ತಿಂಗಳಿಗೊಮ್ಮೆ ಮಾತ್ರ ಹಾಕುವ ಆ ಮೇಜು ಅವರಿಗೆ ಎಷ್ಟು ಮುಖ್ಯವೆಂದು ನನಗೆ ಆಗ ತಿಳಿಯಿತು. ಆ ಒಂದು ಬೆಳಗಿಗಾಗಿ ಯಾರ ಮಾತೂ ಕೇಳದ ಮನುಷ್ಯ ಆರು ತಿಂಗಳಿಂದ ನನ್ನಿಂದಾಗಿ ಅಲ್ಲಿಗೆ ಹೋಗಿ ಉಪವಾಸ ಬರುತ್ತಿದ್ದರು.

ಮಾರನೆಯ ದಿನ ಸೋಮವಾರ, ಅವರು ಸಿರಿಂಜುಗಳನ್ನು ಕುದಿಸುತ್ತಿದ್ದಾಗ ಹೇಳಿಬಿಟ್ಟೆ. ಬೀಗರೂಟ, ಬಿಸಿಲು, ಗೋಲದ ಐಸು, ಎಲ್ಲ. ‘ಹೋಗ್ಲಿ ಬಿಡಪ್ಪ’ ಎನ್ನುತ್ತಾರೆ ಎಂದು ಕಾದೆ.

‘ಗೊತ್ತು’ ಎಂದರು. ‘ಪೆಟ್ಟಿಗೆ ತೊಳೆಯೋವಾಗ ತಳದಲ್ಲಿ ಕಿತ್ತಳೆ ಬಣ್ಣದ ನೀರಿತ್ತು. ಸರ್ಕಾರದ ಐಸಿಗೆ ಬಣ್ಣ ಇರಲ್ಲ.’ ಕಿವಿ ಕೆಂಪಗಾದವು. ಅವತ್ತು ಕೈ ತೊಳೆಯಲು ಹೋಗಲಿಲ್ಲ, ನನ್ನ ಮುಂದೆಯೇ ನಿಂತರು. ‘ಊಟಕ್ಕೆ ಹೋಗಿದ್ದಕ್ಕಲ್ಲ ನಂಗೆ ಸಿಟ್ಟು. ವಯಸ್ಸಿನವನು, ಬೀಗರೂಟ, ಹೋದೆ. ಅವತ್ತು ಸಂಜೆ ನಾನು ಕೇಳ್ದೆನಲ್ಲ? ಆವಾಗ ಹೇಳಿದ್ರೆ ಮಾರನೇ ದಿನಾನೇ ಬೇರೆ ಲಸಿಕೆ ತಂದು ಹಾಕ್ಬೋದಿತ್ತು. ಮಳೆಗೆ ಇನ್ನೂ ಮೂರು ವಾರ ಇತ್ತು. ಹದಿನಾಲ್ಕು ಜೀವ ಕಣಯ್ಯ!’

ಆಮೇಲೆ ಸ್ಟೂಲಿನ ಮೇಲೆ ಕೂತರು. ‘ಬಣ್ಣ ನಾನೂ ನೋಡಿದ್ದೆ. ನಿನ್ನ ಮಾತು ನಂಬಬೇಕು ಅಂತ ನನ್ನ ಕಣ್ಣನ್ನೇ ಸುಳ್ಳು ಮಾಡ್ಕೊಂಡೆ. ನಿನ್ನ ಮೇಲೆ ಎಷ್ಟು ಸಿಟ್ಟೋ, ನನ್ನ ಮೇಲೆ ಎಷ್ಟು ಸಿಟ್ಟೋ, ಬೇರೆ ಮಾಡೋಕೆ ಆಗ್ತಿಲ್ಲ.’ ಸ್ಟವ್ ಆರಿಸಿ ಎದ್ದರು. ‘ನನ್ನ ಹತ್ರ ಹೇಳಿ ಹಗುರ ಆಗ್ಬೇಡ. ನಡಿ, ಕ್ಯಾತಕ್ಕನ ಹತ್ರ ಹೋಗೋಣ.’

ಗೊಲ್ಲರ ಹಟ್ಟಿಯಲ್ಲಿ ಕುರಿ ಕೂಡುವ ರೊಪ್ಪದೊಳಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತೆವು. ಕ್ಯಾತಕ್ಕ ಹಿಕ್ಕೆ ಗುಡಿಸುತ್ತಿದ್ದಳು. ನಾನು ಹೇಳುವಷ್ಟೂ ಹೊತ್ತು ಗುಡಿಸುತ್ತಲೇ ಇದ್ದು, ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿ ಕೇಳಿದಳು, ‘ಬೀಗ್ರೂಟ ರುಚಿಯಾಗಿತ್ತೇನಪ್ಪಾ?’

ಅವಳು ಸಾರ್ ಕಡೆ ತಿರುಗಿದಳು. ‘ನಿನ್ನ ಊರೂರ ಮ್ಯಾಲೆ ಬೈಕಂಡು ತಿರುಗುದ್ನಲ್ಲೋ ಡಾಕ್ಟ್ರೇ. ಒಂದ್ ಮಾತು ಅನ್ನಬಾರ್ದಾಗಿತ್ತಾ?’

‘ನಮ್ಮದೇ ತಪ್ಪಿತ್ತಲ್ಲಮ್ಮ.’

‘ಇತ್ತು. ಅಂಗಂತ ಸತ್ತ ಕುರಿ ಎದ್ದು ಬರಕಿಲ್ಲ. ನಾನು ಮರೆಯಾಕಿಲ್ಲ ಕಣ್ರಪ್ಪ, ಮರ್ತೆ ಅಂತ ಬಾಯಿಮಾತ್ಗೆ ಏಳಾದೂ ಇಲ್ಲ. ಈ ಸಲ ಮಳೆಗಿಂತ ಮುಂಚೆ ಬಂದು ಚುಚ್ರಿ. ಪೆಟ್ಗೆ ನನ್ನ ಮುಂದೇನೇ ತಗೀಬೇಕು.’ ಮತ್ತೆ ಪೊರಕೆ ಹಿಡಿದಳು. ಅಷ್ಟೇ.

ಆ ವಾರವೇ ಎ.ಡಿ. ಸಾಹೇಬರಿಗೆ ಬರೆದುಕೊಟ್ಟೆ. ನನಗೂ ನೋಟಿಸು ಬಂತು. ಸಾರ್ ಪುಸ್ತಕದ ಕೆಂಪು ಸಾಲು ಮಾತ್ರ ಅಳಿಯಲಿಲ್ಲ. ಉಸ್ತುವಾರಿ ಅವರದೇ ಆಗಿತ್ತಲ್ಲ.

ಜನವರಿಯ ಮೊದಲನೇ ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಕಾದೆ. ಜನ ಎದ್ದರು. ಸಾರ್ ಏಳಲಿಲ್ಲ. ನನಗೆ ಸಿಟ್ಟೇ ಬಂತು. ಹೊರಗೆ ಬಂದ ಕೂಡಲೇ, ‘ಎಲ್ಲಾ ಹೇಳಿದ್ನಲ್ಲ ಸಾರ್? ಇನ್ನೇನು ಮಾಡ್ಬೇಕು ನಾನು?’ ಎಂದೆ.

‘ನೀನು ಮಾಡೋದು ಮುಗೀತು. ನನ್ನದು ಆಗಿಲ್ಲ’ ಎಂದರು. ‘ದಿನಾ ಬೆಳಿಗ್ಗೆ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ. ಇವನಿಗೆ ಒಳ್ಳೇದಾಗ್ಲಿ ಅನ್ನೋಷ್ಟರಲ್ಲಿ ಆ ಕುರಿಗಳು ಸಾಲಾಗಿ ಬಂದು ನಿಲ್ತವೆ. ಮತ್ತೆ ಮೊದಲಿಂದ ಶುರು. ದೇವರು ನಿನ್ನನ್ನ ಆಗಲೇ ಕ್ಷಮಿಸಿರ್ತಾನೆ. ಅವನು ಎಕ್ಸ್‌ಪ್ರೆಸ್ಸು. ನಾನು ಪಾವಗಡದ ಕೆಂಪು ಬಸ್ಸು, ಎಲ್ಲಾ ಸ್ಟಾಪಲ್ಲೂ ನಿಂತು ಬರ್ಬೇಕು.’

‘ಹಂಗಾದ್ರೆ ಇಷ್ಟೆಲ್ಲ ಪ್ರಾರ್ಥನೆ ಮಾಡಿ ಏನು ಪ್ರಯೋಜನ?’ ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಯೋಚನೆ ಮಾಡಿ ಹೇಳಿದರು. ‘ನನ್ನ ತಮ್ಮ ಮೋಸ ಮಾಡ್ದಾಗ, ಇವನ ಸಹವಾಸವೇ ಬೇಡ ಅಂತ ಬಿಟ್ಟುಬಿಡೋದು ಸಲೀಸಾಗಿತ್ತು. ಆ ಬೆಂಚಲ್ಲಿ ಕೂತ್ರೆ ಬಿಡೋಕಾಗಲ್ಲ ಕಣಪ್ಪ. ಎಲ್ಲರೂ ಎದ್ದು ಹೋದಾಗ ಯಾರ ಮೇಲೆ ಸಿಟ್ಟೋ ಅವನು ನನ್ನ ಜೊತೆ ಕೂತಿರ್ತಾನೆ, ಹಸಿವು ನೆನಪು ಮಾಡ್ತಾ. ಹಸಿವಾದ್ರೆ ಯಾವತ್ತೋ ಒಂದಿನ ಏಳ್ತೀನಿ.’

ಮೇ ತಿಂಗಳಲ್ಲಿ ಕ್ಯಾತಕ್ಕನ ಮುಂದೆ ಪೆಟ್ಟಿಗೆ ತೆಗೆದು, ಅವಳು ಕೈಯಿಟ್ಟು ನೋಡಿ ತಲೆಯಾಡಿಸಿದ ಮೇಲೆಯೇ ಚುಚ್ಚಿದೆವು. ಅದಕ್ಕೆ ಮೊದಲೇ, ಮಾರ್ಚಿನಲ್ಲಿ, ನಾನು ವರ್ಗಾವಣೆಗೆ ಕೇಳಿದ್ದೆ. ಊರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಒಬ್ಬಳೇ ಎತ್ತಿ ಇಳಿಸಿ ಅಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು. ಶಿರಾ ತಾಲ್ಲೂಕಿಗೆ ಹಾಕಿದ್ದರೆ ಮನೆಯಿಂದಲೇ ಓಡಾಡಬಹುದಿತ್ತು. ಆಗುವುದಿಲ್ಲ ಎಂದು ಉತ್ತರ ಬಂತು. ನೋಟಿಸಿನ ಫಲ ಎಂದುಕೊಂಡು ಸುಮ್ಮನಾದೆ.

ಜೂನಿನ ಮೊದಲನೇ ಭಾನುವಾರ ನಾನು ಊರಲ್ಲಿದ್ದೆ. ಬೆಳಿಗ್ಗೆ ಎಂಟಕ್ಕೆ ಮನೆ ಮುಂದೆ ಬೈಕು ನಿಂತಿತು. ಸಾರ್! ಯಾವತ್ತೂ ನಮ್ಮೂರಿಗೆ ಬಂದವರಲ್ಲ, ಅದೂ ಆ ಭಾನುವಾರ. ಅಮ್ಮ ಗಡಿಬಿಡಿಯಲ್ಲಿ ಕಾಫಿಗಿಡಲು ಹೋದರೆ, ‘ಚರ್ಚಿಗೆ ಹೋಗೋವರೆಗೂ ಏನೂ ತಗೊಳಲ್ಲ ತಾಯಿ’ ಎಂದು ಕೈಮುಗಿದರು. ಅಪ್ಪನ ಮಂಚದ ಹತ್ತಿರ ನಿಂತು, ಕೂತುಕೊಳ್ಳದೆಯೇ ಹೇಳಿದರು.

‘ಏಪ್ರಿಲ್‌ನಲ್ಲಿ ಎ.ಡಿ. ಸಾಹೇಬ್ರು ನನ್ನ ಕೇಳಿದ್ರು, ಈ ಹುಡುಗನ್ನ ಶಿರಾ ಕಡೆ ಹಾಕೋಣವಾ, ಹೆಂಗೆ ಅಂತ. ನಂಬೋ ಹಾಗಿಲ್ಲ ಸಾರ್ ಅಂದೆ. ನಿಮ್ಮಪ್ಪ ಹಿಂಗೆ ಮಲಗಿರೋದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅಂದಾಗ ಖುಷಿಯಾಯ್ತು. ಅದನ್ನ ಹೇಳದೆ ಇವತ್ತು ಅಲ್ಲಿಗೆ ಹೋಗೋಕಾಗಲ್ಲ. ನನ್ನ ಕ್ಷಮಿಸಪ್ಪ.’

‘ಅಯ್ಯೋ, ಪರವಾಗಿಲ್ಲ ಬಿಡಿ ಸಾರ್’ ಎಂದೆ. ಬಾಯಿ ತಾನಾಗಿ ಅಂದಿತು.

‘ಹಂಗನ್ಬೇಡ. ಪರವಾಗಿಲ್ಲ ಅಂದ್ರೆ ನನ್ನನ್ನ ಸಾಗಹಾಕ್ತಿದೀಯ ಅಂತ ಅರ್ಥ. ಸಿಟ್ಟಿದ್ರೆ ಸಿಟ್ಟಿದೆ ಅನ್ನು.’

ಅಮ್ಮ ಒಳಗಿನಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಲೆಳೆಯುತ್ತಾ ಬಂದಳು. ಅವಳನ್ನು ನೋಡಿದ್ದೇ ನನಗೆ ನೆತ್ತಿಗೇರಿತು. ಅಲ್ಲಿ ನಿಂತರೆ ಏನಾದರೂ ಅಂದುಬಿಡುತ್ತೇನೆಂದು ಹಿತ್ತಲಿಗೆ ಹೋದೆ. ಒಂದು ವರ್ಷದಿಂದ ತಪ್ಪು ಮಾಡಿದವನಾಗಿಯೇ ಇದ್ದೆ. ತಪ್ಪಿಗೆ ಒಳಗಾದವನ ಹೊಟ್ಟೆ ಹೇಗೆ ಉರಿಯುತ್ತದೆ ಎನ್ನುವುದು ಅವತ್ತು ತಿಳಿಯಿತು. ಇದನ್ನು ಆ ಮನುಷ್ಯ ಹನ್ನೊಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಕೆಲಸ ಕಲಿಸಿದರಲ್ಲ ಎಂದೂ ಅನ್ನಿಸಿತು. ಎಷ್ಟು ಹೊತ್ತು ನಿಂತಿದ್ದೆನೋ, ಒಳಗೆ ಬರುವಷ್ಟರಲ್ಲಿ ಒಂಬತ್ತಾಗಿತ್ತು. ಅವರ ಆರಾಧನೆ ಶುರುವಾಗುವ ಹೊತ್ತು. ಸಾರ್ ಹೋಗಿರಲಿಲ್ಲ. ಅಂಗಿಯ ತೋಳು ಮಡಿಸಿ, ಅಪ್ಪನನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿನ ಹುಣ್ಣನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದರು. ಲಕ್ವ ಹೊಡೆದಾಗಿನಿಂದ ಮುಟ್ಟಿದರೆ ಕೂಗುತ್ತಿದ್ದ ಅಪ್ಪ ಸುಮ್ಮನೆ ಮಲಗಿದ್ದ.

‘ಸಿಟ್ಟು ಬಂತು ಸಾರ್’ ಎಂದೆ. ‘ಈಗಲೂ ಸ್ವಲ್ಪ ಇದೆ. ಆದ್ರೂ ಕ್ಷಮಿಸಿದೀನಿ.’

ಅವರು ಹುಣ್ಣು ಒರೆಸಿ, ಬಟ್ಟೆ ಕಟ್ಟಿ ಮುಗಿಸಿದರು. ‘ನಂದೂ ಇನ್ನೂ ಸ್ವಲ್ಪ ಇದೆ ಕಣೋ ಶಿರಾ’ ಎಂದರು. ಕಣ್ಣು ತುಂಬಿತ್ತು. ‘ಸ್ವಲ್ಪ ಇದ್ರೆ ನಡೆಯುತ್ತೆ. ನಡೀತೀನಿ, ಹೊತ್ತಾಯ್ತು.’

ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ನನ್ನ ಬೈಕು ಹತ್ತಿ ಹಿಂದೆಯೇ ಹೊರಟೆ. ಮೊದಲ ಮಳೆಗೆ ದಾರಿಯುದ್ದಕ್ಕೂ ಕೆಸರು. ವಯಸ್ಸಾದ ಆ ಮನುಷ್ಯ ಯಾವತ್ತೂ ಓಡಿಸದ ವೇಗದಲ್ಲಿ ಓಡಿಸಿದರು. ಆದರೂ ನಾವು ಮಧುಗಿರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಕೊನೆಯ ಕೀರ್ತನೆ ಹಾಡುತ್ತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು.

ಸಾರ್ ತಮ್ಮ ಬೆಂಚಿನ ಕಡೆ ತಿರುಗಲೇ ಇಲ್ಲ. ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ನಡುದಾರಿಯಲ್ಲಿ ನೇರ ಮುಂದಕ್ಕೆ ನಡೆದರು. ಹಾಡು ಒಂದೊಂದೇ ಬಾಯಲ್ಲಿ ನಿಂತಿತು. ಅಯ್ಯನವರು ಅವರ ಮುಖ ನೋಡಿದರು. ಏನೂ ಕೇಳದೆ ಬಟ್ಟೆ ಸರಿಸಿ ತಟ್ಟೆ ಎತ್ತಿಕೊಂಡರು. ಸಾರ್ ಮೊಣಕಾಲೂರಿ, ಕಂಕುಳಲ್ಲಿ ಹೆಲ್ಮೆಟ್ ಇರುವುದನ್ನೂ ಮರೆತು ಎರಡೂ ಕೈ ಚಾಚಿದರು. ಅದು ದಡ್ಡನೆ ಬಿದ್ದು ಬೆಂಚುಗಳ ಕೆಳಗೆ ಉರುಳಿಕೊಂಡು ಹೋಯಿತು. ಅವರು ತಿರುಗಿ ನೋಡಲಿಲ್ಲ, ಸಭೆಯಲ್ಲಿ ಯಾರೂ ಎತ್ತಿಕೊಳ್ಳಲು ಹೋಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಜೋರಾಗಿ ಅತ್ತುಬಿಟ್ಟೆ.